ವಿಯೆಟ್ನಾಂ ಮೆಣಸು ಲಂಕಾ ಮೆಣಸಾಗೋದು ಹೇಗೆ?

ಓದುಗರ ಪ್ರಶ್ನೆ: ಶ್ರೀಲಂಕಾದ ಕಾಳುಮೆಣಸಿಗೆ ಸುಂಕ ಇಲ್ವಂತೆ. ಅದರ ಹೆಸರಲ್ಲಿ ವಿಯೆಟ್ನಾಂ ಮಾಲು ಬರುತ್ತೆ ಅಂತ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ದೂರುತ್ತಾರೆ. ಒಪ್ಪಂದದಲ್ಲಿ ಇದಕ್ಕೆ ತಡೆ ಇಲ್ವಾ?

ಇದೆ. ಗಟ್ಟಿಯಾಗೇ ಇದೆ. ಸೋರೋದು ಬೇರೆ ಕಡೆ.

ಮೊದಲು ಆಸೆ ಎಲ್ಲಿ ಹುಟ್ಟುತ್ತೆ ನೋಡಿ. ಮೆಣಸಿಗೆ ನಮ್ಮ ಸಾಮಾನ್ಯ ಆಮದು ಸುಂಕ ಶೇ 70. ವಿಯೆಟ್ನಾಂ ಮಾಲು ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ ಕೂಟ) ಒಪ್ಪಂದದಡಿ ಬಂದರೂ ಶೇ 50ರ ಆಸುಪಾಸು. ಲಂಕಾದಿಂದಾದರೆ ವರ್ಷಕ್ಕೆ 2,500 ಟನ್ ಸೊನ್ನೆ ಸುಂಕದಲ್ಲಿ, ಅದರ ಮೇಲೆ ಬಂದದ್ದು ದಕ್ಷಿಣ ಏಷ್ಯಾ ದೇಶಗಳ 'ಸಾಫ್ಟಾ' ವ್ಯಾಪಾರ ಒಪ್ಪಂದದಡಿ ಶೇ 8ಕ್ಕೆ. ಇಷ್ಟು ಅಂತರ ಇದ್ದ ಮೇಲೆ ಯಾರಾದರೂ ಸುಮ್ನೆ ಇರ್ತಾರಾ?

ಸೊನ್ನೆ ಸುಂಕ ಕೊಡುವ ಭಾರತ-ಲಂಕಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದದ್ದು 1998ರ ಡಿಸೆಂಬರ್‌ನಲ್ಲಿ, ಜಾರಿಗೆ ಬಂದದ್ದು 2000ದ ಮಾರ್ಚ್‌ನಲ್ಲಿ. ಇಂಥ ಮಾತುಕತೆಯಲ್ಲಿ ಪೇಪರಿನವರು ಬರೆಯೋದು ಸುಂಕ ಎಷ್ಟು ಇಳಿಯಿತು ಅಂತ. ನನ್ನ ಪ್ರಕಾರ ನಿಜವಾದ ಚೌಕಾಸಿ ಇರೋದು ಯಾವುದನ್ನು 'ಲಂಕಾದ ಮಾಲು' ಅನ್ನಬೇಕು ಅನ್ನೋದರಲ್ಲಿ. ಚಿಕ್ಕ ದ್ವೀಪ, ಕಚ್ಚಾ ಮಾಲು ಹೊರಗಿನಿಂದಲೇ ತರಿಸಬೇಕು. ಹಾಗಾಗಿ ಷರತ್ತು ಸಡಿಲ ಇದ್ದಷ್ಟೂ ಅವರಿಗೆ ಒಳ್ಳೇದು. ಕೊನೆಗೆ ನಿಂತದ್ದು ಹೀಗೆ: ರಫ್ತು ಬೆಲೆಯಲ್ಲಿ ಶೇ 35 ಲಂಕಾದಲ್ಲೇ ಸೇರಿದ ಮೌಲ್ಯ ಇರಬೇಕು, ಭಾರತದ ಕಚ್ಚಾ ಮಾಲು ಶೇ 10 ಬಳಸಿದ್ದರೆ ಅವರ ಪಾಲು ಶೇ 25 ಸಾಕು. ನಮಗೂ ಲಾಭ ಇತ್ತು ಬಿಡಿ. ಉಡುಪಿನ ವಿಷಯದಲ್ಲಂತೂ ವರ್ಷಕ್ಕೆ 80 ಲಕ್ಷ ಪೀಸಿಗೆ ರಿಯಾಯಿತಿ ಕೊಟ್ಟು, ಅದರಲ್ಲಿ 60 ಲಕ್ಷ ನಮ್ಮ ಬಟ್ಟೆಯಲ್ಲೇ ಹೊಲಿದಿರಬೇಕು ಅಂತ ಹಾಕಿದ್ದರು.

ಇನ್ನೊಂದು ಷರತ್ತಿದೆ. ಹೊರಗಿಂದ ತಂದ ಮಾಲು ಲಂಕಾದಲ್ಲಿ ಬೇರೆ ವಸ್ತುವಾಗಿ, ಅದರ ನಾಲ್ಕಂಕಿಯ ಕಸ್ಟಮ್ಸ್ ಕೋಡ್ (ಸರಕಿನ ಬಗೆ ಗುರುತಿಸುವ ಸಂಖ್ಯೆ) ಬದಲಾಗಬೇಕು. ತಾಳೆ ಎಣ್ಣೆ 1511, ಅದರಿಂದ ಮಾಡಿದ ವನಸ್ಪತಿ 1516. ಕೋಡ್ ಬದಲಾಯ್ತು! ಅದಕ್ಕೇ ತಾಳೆ ಎಣ್ಣೆ ಆಮದು ಮಾಡಿಕೊಂಡು ವನಸ್ಪತಿ ಮಾಡುವ ಕಾರ್ಖಾನೆಗಳು ಲಂಕಾದಲ್ಲಿ ಎದ್ದವು. ಕೊನೆಗೆ ಭಾರತ ವರ್ಷಕ್ಕೆ 2.5 ಲಕ್ಷ ಟನ್ ಅಂತ ಮಿತಿ ಹಾಕಬೇಕಾಯ್ತು.

ಮೆಣಸಿನ ಕಥೆ ಬೇರೆ. ಇಡೀ ಕಾಳೂ 0904, ಪುಡಿ ಮಾಡಿದರೂ 0904. ಒಣಗಿಸಿ, ಜರಡಿ ಹಿಡಿದು, ಹೊಸ ಚೀಲಕ್ಕೆ ತುಂಬಿದರೂ ಕೋಡ್ ಬದಲಾಗಲ್ಲ. ಲಂಕಾದ ಮಣ್ಣಲ್ಲಿ ಬೆಳೆದು ಕೊಯ್ದದ್ದು ಮಾತ್ರ ಲಂಕಾದ್ದು.

ಹಾಗಾದರೆ ತೂತು ಎಲ್ಲಿ? ಕಾಗದದಲ್ಲಿ. ಕೊಲಂಬೊದ ವಾಣಿಜ್ಯ ಇಲಾಖೆ, ಮಾಲು ಲಂಕಾದ್ದೇ ಅನ್ನುವ ಮೂಲದ ಸರ್ಟಿಫಿಕೇಟ್ ಕೊಡುತ್ತೆ, ಇಲ್ಲಿನ ಕಸ್ಟಮ್ಸ್ ಮೊದಲೆಲ್ಲ ಅದನ್ನೇ ನಂಬಬೇಕಿತ್ತು. ಚೀಲ ಬಿಚ್ಚಿ ನೋಡಿದರೆ ಕಾಳು ಯಾವ ದೇಶದ್ದು ಅಂತ ಹೇಳೋದು ಕಷ್ಟ.

2017ರ ಡಿಸೆಂಬರ್‌ನಲ್ಲಿ ಸರ್ಕಾರ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಹಾಕಿತು, ಅಂದರೆ ಅದಕ್ಕಿಂತ ಕಡಿಮೆ ಬೆಲೆಗೆ ಮೆಣಸು ತರಿಸುವಂತಿಲ್ಲ. ಅದು ಒರಟು ಮದ್ದು. ಮೂಲ ಯಾವುದು ಅಂತ ಕೇಳೋದೇ ಇಲ್ಲ, ಲಂಕಾದ ನಿಜವಾದ ಬೆಳೆಗಾರನಿಗೂ ಅದೇ ಏಟು, ಬಿಲ್ಲಿನಲ್ಲಿ ರೇಟು ಏರಿಸಿ ಬರೆಯುವವನಿಗೆ ಮಾತ್ರ ದಾರಿ ಸಲೀಸು. ಇದಕ್ಕಿಂತ ಸರಿಯಾದದ್ದು 2020ರ ಸೆಪ್ಟೆಂಬರ್ 21ರಿಂದ ಬಂದ 'ಕ್ಯಾರೋಟಾರ್' ನಿಯಮ, ಅಂದರೆ ಒಪ್ಪಂದದಡಿ ಬರುವ ಮಾಲಿನ ಮೂಲ ಪರಿಶೀಲಿಸುವ ಭಾರತದ ಕಸ್ಟಮ್ಸ್ ನಿಯಮ. ಈಗ ಸರ್ಟಿಫಿಕೇಟ್ ತೋರಿಸಿ ಕೈತೊಳೆದುಕೊಳ್ಳೋಕಾಗಲ್ಲ. ಮಾಲಿಗೆ ಆ ಮೂಲ ಹೇಗೆ ಬಂತು ಅನ್ನೋ ಮಾಹಿತಿ ಆಮದುದಾರನ ಕೈಯಲ್ಲೇ ಇರಬೇಕು. ಅನುಮಾನ ಬಂದರೆ ಕಸ್ಟಮ್ಸ್‌ನವರು ಕೊಲಂಬೊಗೆ ಬರೆದು ವಿಚಾರಿಸಬಹುದು. ಗಡುವಿನೊಳಗೆ ಸರಿಯಾದ ಉತ್ತರ ಬರದಿದ್ದರೆ ರಿಯಾಯಿತಿ ಕೊಡದೆ ಪೂರ್ತಿ ಸುಂಕ ಕಟ್ಟಿಸಿಕೊಳ್ಳಬಹುದು.