ಕೈಗೆ ಬಂದ ಗಿರಾಕಿಯನ್ನು ಕಸಿಯಬೇಡಿ

ದೀಪಾವಳಿ ಸೀಸನ್ ಹತ್ತಿರ ಬಂತೆಂದರೆ ದಾವಣಗೆರೆಯ ಅಂಗಡಿ ಮಾಲೀಕರ ಫೋನ್ ಶುರು. 'ಮೇಡಂ, ನಮ್ಮ ಹುಡುಗರಿಗೆ ಒಂದು ಮೋಟಿವೇಶನ್ ಕ್ಲಾಸ್ ತಗೊಳ್ಳಿ. ಯಾರಿಗೂ ಉಮೇದೇ ಇಲ್ಲ.'

ಕ್ಲಾಸ್ ತೆಗೆದುಕೊಳ್ಳೋಣ. ಮೊದಲು ಅರ್ಧ ದಿನ ನನ್ನನ್ನು ಅಂಗಡಿಯಲ್ಲಿ ಸುಮ್ನೆ ಕೂರಲು ಬಿಡಿ ಅನ್ನುತ್ತೇನೆ. ಹೆಚ್ಚಿನವರಿಗೆ ಇದು ಇಷ್ಟವಾಗುವುದಿಲ್ಲ.

ಚೌಕಿಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಹೀಗೇ ಕೂತಿದ್ದೆ. ಅಲ್ಲಿನ 'ಹುಡುಗ'ನಿಗೆ ನಲವತ್ತು ದಾಟಿದೆ! ಅವರು ಹೊನ್ನಾಳಿ ಕಡೆಯಿಂದ ಬಂದ ತಾಯಿ-ಮಗಳಿಬ್ಬರಿಗೂ ತಾಳ್ಮೆಯಿಂದ ರಾಶಿ ಸೀರೆ ಬಿಚ್ಚಿ ತೋರಿಸಿದರು. ಇಬ್ಬರೂ ಎರಡು ಸೀರೆಗೆ ಬಂದು ನಿಂತರು. ಅಷ್ಟರಲ್ಲಿ ಮಾಲೀಕರು ಗಲ್ಲಾದಿಂದ ಎದ್ದು ಬಂದು, 'ನೀ ಸರಿ ಅತ್ಲಾಗೆ' ಅಂದರು. ಇನ್ನೂರು ರೂಪಾಯಿ ಬಿಟ್ಟು ಬಿಲ್ ಮಾಡಿಸಿದರು. ಇವರಿಗೆ ಉಳಿದದ್ದು ಸೀರೆ ಮಡಚುವ ಕೆಲಸ.

ವ್ಯಾಪಾರವೇನೋ ಆಯಿತು. ಆದರೆ ದಿನಾ ಹೀಗಾದರೆ 'ನನ್ನಿಂದ ಮುಗಿಸೋಕೆ ಆಗಲ್ಲ' ಅಂತಲೇ ಆ ಮನುಷ್ಯ ನಂಬುತ್ತಾರೆ. ಆಮೇಲೆ ಐದನೇ ಸೀರೆ ಬಿಚ್ಚುವುದಿಲ್ಲ. ಮಾಲೀಕರು ಅದನ್ನು ಸೋಮಾರಿತನ ಅನ್ನುತ್ತಾರೆ. ಸೇರಿದಾಗಲೂ ಹೀಗೇ ಇದ್ದರಾ ಅಂತ ಕೇಳಿದೆ. 'ಇಲ್ಲ ಮೇಡಂ, ಆಗ ಬಲು ಚುರುಕಿದ್ದ.' ಹಾಗಾದರೆ ಆ ಚುರುಕು ಎಲ್ಲಿ ಹೋಯಿತು ಸ್ವಾಮಿ?

'ಸರಿ, ಇನ್ಮೇಲೆ ದಿನಾ ಹೊಗಳ್ತೀನಿ' ಅಂದರು. ಅಲ್ಲ, ನಾನು ಹೇಳಿದ್ದು ಅದಲ್ಲ! ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ಇದನ್ನು ಬಿಡಿಸಿ ಬರೆದಿದ್ದಾರೆ. ನನ್ನ ಕೈಲಾಗುತ್ತದೆ ಅನ್ನುವ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ: ತಾನೇ ಮಾಡಿ ಗೆದ್ದದ್ದು, ತನ್ನಂಥವರು ಗೆದ್ದದ್ದನ್ನು ಕಂಡದ್ದು, ಬೇರೆಯವರ ಮಾತು, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ಇವುಗಳಲ್ಲಿ ಜಾಸ್ತಿ ಬಲ ಮೊದಲನೆಯದಕ್ಕೆ. ನಿಮ್ಮ ಹೊಗಳಿಕೆ, ನನ್ನ ಕ್ಲಾಸು ಎರಡೂ ಮೂರನೆಯದರ ಲೆಕ್ಕಕ್ಕೆ ಸೇರುತ್ತವೆ. ಬೆಳಿಗ್ಗೆ 'ನೀನು ಹುಲಿ' ಅಂದು ಮಧ್ಯಾಹ್ನ ಗಿರಾಕಿಯನ್ನು ಕಸಿದುಕೊಂಡರೆ ಅವರು ಯಾವುದನ್ನು ನಂಬಬೇಕು?

ಆ ಇನ್ನೂರು ರೂಪಾಯಿ ಬಿಡುವ ಅಧಿಕಾರವನ್ನು ಅವರಿಗೇ ಕೊಡಿ. ಬಿಲ್ ಆಗುವವರೆಗೂ ಗಲ್ಲಾ ಬಿಟ್ಟು ಏಳಬೇಡಿ. ವ್ಯಾಪಾರ ತಪ್ಪಿದರೆ ಗಿರಾಕಿ ಮುಂದೆ ಬೈಯಬೇಡಿ, ಸಂಜೆ ಕೂರಿಸಿಕೊಂಡು ಕೇಳಿ. ನಾಲ್ಕು ಗಿರಾಕಿ ತಪ್ಪಿಹೋಗಬಹುದು. ಅದಕ್ಕೆ ನಾನು ಗ್ಯಾರಂಟಿ ಕೊಡಲಾರೆ.

ಸಂಬಳವೇ ಸಾಲದಿದ್ದರೆ ಇದ್ಯಾವುದೂ ಜಾಸ್ತಿ ದಿನ ನಡೆಯುವುದಿಲ್ಲ. ಇನ್ನು, ಎಲ್ಲ ಮಂಕುತನಕ್ಕೂ ಅಂಗಡಿಯೇ ಕಾರಣ ಅಂತಲೂ ಅಲ್ಲ. ಮನೆಯಲ್ಲೂ ಯಾವುದರಲ್ಲೂ ಆಸಕ್ತಿ ಇಲ್ಲ, ಎರಡು ವಾರ ಕಳೆದರೂ ನಿದ್ದೆ, ಊಟ ಸರಿಯಾಗಿಲ್ಲ ಅಂದರೆ ಖಿನ್ನತೆ ಇರಬಹುದು. ಆಗ ನನ್ನನ್ನಲ್ಲ, ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೂ ಆಗುತ್ತದೆ, ದುಡ್ಡು ಕೊಡಬೇಕಿಲ್ಲ.