ಸೂಜಿ ಹಸುವಿಗೆ, ಉಳಿದದ್ದು ಕಾಟಿ

ಕಾಡೆಮ್ಮೆ, ಕಾಡುಕೋಣ, ಬೈಸನ್ ಎಂದೆಲ್ಲ ನಾವು ಕರೆಯುವ ಪ್ರಾಣಿ ಎಮ್ಮೆಯೂ ಅಲ್ಲ, ಕೋಣವೂ ಅಲ್ಲ, ಅಮೆರಿಕದ ಬೈಸನ್ ಅಂತೂ ಅಲ್ಲವೇ ಅಲ್ಲ. ಕಾಟಿ ಹಸುವಿನ ದಾಯಾದಿ. ಒಂದು ಟನ್‌ವರೆಗೂ ತೂಗುವ ಹೋರಿ, ಬಿಳಿ ಕಾಲುಚೀಲ ತೊಟ್ಟಂಥ ಕಾಲುಗಳು. ಆದರೆ ಒದ್ದೆ ಹೊಳ್ಳೆಗೆ ನಾಲಿಗೆ ಹಾಕುವ ಪರಿ ಥೇಟ್ ನಮ್ಮ ಕೊಟ್ಟಿಗೆಯದೇ. ದಾಯಾದಿ ಎಂದಮೇಲೆ ರೋಗದಲ್ಲೂ ಪಾಲು ಬರಬೇಕಲ್ಲ?

ಬಂತು. 1968ರಲ್ಲಿ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ಬಂಡೀಪುರ–ಮುದುಮಲೆ ಕಾಡುಗಳಿಗೆ ಹೊಕ್ಕು ಕಾಟಿಗಳನ್ನು ಹಿಂಡುಹಿಂಡಾಗಿ ಕೆಡವಿತು. ಜ್ವರ, ಬಾಯಿಹುಣ್ಣು, ಜೊಲ್ಲು, ನಿಲ್ಲದ ಭೇದಿ. ಹಳ್ಳಿಗಳಲ್ಲಿ ದನದ ಇಂಥ ರೋಗಕ್ಕೆ ಮಾರಿಯ ಮುನಿಸು ಎನ್ನುತ್ತಿದ್ದರು. ಮಾರಿಯನ್ನು ಊರಗಡಿ ದಾಟಿಸಿ ಕೈತೊಳೆದುಕೊಂಡರೆ ಆಯಿತೇ? ಗಡಿಯಾಚೆ ನಿಂತಿದ್ದದ್ದು ಕಾಟಿ.

ಈ ವೈರಸ್ ದಡಾರದ ವೈರಸ್ಸಿನ ನಂಟ. ಬಿಸಿಲಿಗೆ ಬಿದ್ದರೆ ಸಾಯುತ್ತದೆ. ಒಮ್ಮೆ ಬಂದು ಬದುಕಿದ ದನಕ್ಕೆ ಜೀವಮಾನದಲ್ಲಿ ಮತ್ತೆ ಬರದು, ಗುಣವಾದ ಮೈಯಲ್ಲಿ ಅಡಗಿ ಕೂರುವ ಗುಣವೂ ಇಲ್ಲ. ಮತ್ತೆ ಉಳಿಯುವುದು ಹೇಗೆ? ಒಲೆಯ ಬೆಂಕಿಯಂತೆ, ಸೌದೆ ಒಡ್ಡುತ್ತಲೇ ಇರಬೇಕು. ಅಥವಾ ಸಾಲ ತೀರಿಸಲು ಸಾಲ ಮಾಡುವವನಂತೆ, ಹೊಸಬ ಸಿಗದ ದಿನವೇ ದಿವಾಳಿ. ಕಾಡಿನ ಚದುರಿದ ಹಿಂಡುಗಳಲ್ಲಿ ಅಷ್ಟು ಸೌದೆಯಿಲ್ಲ. ಭಗ್ಗೆಂದು ಉರಿದು ತಾನೇ ಆರುತ್ತದೆ. ಕೆಂಡ ಇದ್ದದ್ದು ವರ್ಷವರ್ಷವೂ ಹೊಸ ಕರು ಹುಟ್ಟುವ ಊರ ಮಂದೆಯಲ್ಲಿ. ಆ ಮಂದೆ ನೀರಿಗಿಳಿಯುತ್ತಿದ್ದದ್ದು ಕಾಡಿನ ಕೆರೆಗೇ.

ಅಂದಮೇಲೆ ಕಾಟಿಯನ್ನು ಅಟ್ಟಿಸಿಕೊಂಡು ಹೋಗಿ ಚುಚ್ಚುವುದೇಕೆ? ಹಸುವಿಗೆ ಚುಚ್ಚಿದರೆ ಸಾಕು! 1920ರ ದಶಕದಲ್ಲೇ ಈಗಿನ ಉತ್ತರಾಖಂಡದ ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ಎಡ್ವರ್ಡ್ಸ್ ಎಂಬಾತ ವೈರಸ್ಸನ್ನು ಮೇಕೆಯಿಂದ ಮೇಕೆಗೆ ದಾಟಿಸಿ ದಾಟಿಸಿ ಅದರ ಹಲ್ಲು ಕಿತ್ತು ಲಸಿಕೆ ಮಾಡಿದ್ದರು. 1960ರ ಸುಮಾರಿಗೆ ಕೀನ್ಯಾದಲ್ಲಿ ಪ್ಲೋರೈಟ್ ಇನ್ನೂ ಸಾಧುವಾದದ್ದನ್ನು ತಂದರು. ಭಾರತದಲ್ಲಿ ಕೊನೆಯ ಪ್ರಕರಣ 1995ರದು. 2011ರಲ್ಲಿ ಜಗತ್ತಿನಿಂದಲೇ ರೋಗ ತೊಲಗಿತೆಂದು ಘೋಷಣೆಯಾಯಿತು. ಸಿಡುಬಿನ ಬಳಿಕ ಮನುಷ್ಯ ಬೇರುಸಹಿತ ಕಿತ್ತದ್ದು ಇದೊಂದನ್ನೇ.

ದನದಿಂದ ಕಾಟಿಗೆ ದಾಟುವ ಇನ್ನೊಂದು ರೋಗ, ಕಾಲುಬಾಯಿ ಜ್ವರ, ಇಷ್ಟು ಪಾಪದ್ದಲ್ಲ. ಅದರಲ್ಲಿ ಹಲವು ಬಗೆ. ಗುಣವಾದ ದನದ ಗಂಟಲಲ್ಲಿ ತಿಂಗಳುಗಟ್ಟಲೆ ಅಡಗಿರುತ್ತದೆ. ಲಸಿಕೆ ಆರು ತಿಂಗಳಿಗೊಮ್ಮೆ ಹಾಕಿಸಲೇಬೇಕು. ಕಾಡಂಚಿನ ಊರೊಂದರಲ್ಲಿ ಲಸಿಕೆಯವರು ಬಂದಾಗ, ‘ಹಾಲು ಇಳಿದುಬಿಡುತ್ತೆ ಸಾರ್’ ಎಂದು ಹಸುವನ್ನು ಹಿತ್ತಿಲಿಗೆ ಹೊಡೆದವರನ್ನು ನಾನೇ ಕಂಡಿದ್ದೇನೆ. ಮರುದಿನ ಬೆಳಿಗ್ಗೆ ಅದೇ ಹಸು ಕೊರಳ ಗಂಟೆ ಆಡಿಸುತ್ತ ಕಾಡಿನ ಹಾದಿ ಹಿಡಿದಿತ್ತು.