ತುತ್ತು ಕಂಡರೆ ಕುಸಿಯುವ ನಾಯಿಗಳು

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದಿಂದ ಕೆಲವು ಡಾಬರ್‌ಮನ್ ನಾಯಿಗಳನ್ನು ಸಾಕಿದ್ದರು. ಇಷ್ಟದ ತಿಂಡಿ ಇಟ್ಟರೆ ಸಾಕು, ಬಾಲ ಆಡಿಸುತ್ತ ಓಡಿ ಬರುತ್ತಿದ್ದವು. ಬಾಯಿ ಹಾಕುವಷ್ಟರಲ್ಲಿ ಹಿಂಗಾಲು ಮಡಚಿ, ಮುಂಗಾಲು ಸೋತು, ನೆಲಕ್ಕೆ ಒರಗುತ್ತಿದ್ದವು. ಕಣ್ಣು ತೆರೆದೇ ಇರುತ್ತಿತ್ತು. ತುಸು ಹೊತ್ತಿಗೆ ಎದ್ದು ಇನ್ನೊಂದು ತುತ್ತು ತಿನ್ನುತ್ತಿದ್ದವು, ಮತ್ತೆ ಬೀಳುತ್ತಿದ್ದವು. ಸಂಭ್ರಮವೇ ಅವುಗಳನ್ನು ಕೆಡವುತ್ತಿತ್ತು.

ಇದು ನಾರ್ಕೊಲೆಪ್ಸಿ. ಮನುಷ್ಯರಿಗೂ ಬರುತ್ತದೆ: ಹಗಲಲ್ಲಿ ತಡೆಯಲಾಗದ ನಿದ್ದೆ, ಜೋರಾಗಿ ನಕ್ಕರೆ ಮೊಣಕಾಲು ಕುಸಿತ. ಕನಸು ಕಾಣುವಾಗ ನಮ್ಮೆಲ್ಲರ ಸ್ನಾಯುಗಳೂ ಸಡಿಲಾಗಿ ಬಿದ್ದಿರುತ್ತವೆ. ಈ ರೋಗದಲ್ಲಿ ಆ ಸಡಿಲಿಕೆ ಎಚ್ಚರದ ಹೊತ್ತಿಗೂ ನುಗ್ಗುತ್ತದೆ. ಸೋಮಾರಿ ಅನ್ನಿಸಿಕೊಂಡು ನೊಂದವರು ಎಷ್ಟು ಮಂದಿಯೋ.

ರೋಗವಿರುವ ಎರಡು ಡಾಬರ್‌ಮನ್‌ಗಳನ್ನು ಕೂಡಿಸಿದರೆ ಮರಿಗಳಿಗೆಲ್ಲ ರೋಗ. ಹಾಗಾದರೆ ಕೆಟ್ಟಿರುವುದು ಒಂದೇ ಜೀನ್. ಅದು ಯಾವುದು? ನಾಯಿಯ ಜೀನ್‌ಗಳ ನಕ್ಷೆಯೇ ಸರಿಯಾಗಿರದ ಕಾಲದಲ್ಲಿ ಸ್ಟ್ಯಾನ್‌ಫರ್ಡ್‌ನ ವಿಜ್ಞಾನಿ ಎಮ್ಯಾನುಯೆಲ್ ಮಿನ್ಯೊ ಅವರ ತಂಡ ಹತ್ತು ವರ್ಷ ಹುಡುಕಿ, 1999ರಲ್ಲಿ ಕಂಡುಹಿಡಿಯಿತು. ಮಿದುಳಿನ ಹೈಪೋಥಲಮಸ್ ಭಾಗದ ಕೆಲವು ನರಕೋಶಗಳು ಹೈಪೊಕ್ರೆಟಿನ್ ಎಂಬ ರಾಸಾಯನಿಕದ ಮೂಲಕ ‘ಎದ್ದಿರು’ ಎಂದು ಉಳಿದ ಕೋಶಗಳನ್ನು ಕೂಗುತ್ತಿರುತ್ತವೆ. ಆ ಕೂಗು ಕೇಳಿಸಿಕೊಳ್ಳುವ ಗ್ರಾಹಕದ (ರಿಸೆಪ್ಟರ್), ಅಂದರೆ ಕೋಶದ ‘ಕಿವಿ’ಯ ಜೀನೇ ಈ ನಾಯಿಗಳಲ್ಲಿ ಕೆಟ್ಟಿತ್ತು.

ಅದೇ ವರ್ಷ ಟೆಕ್ಸಾಸ್‌ನಲ್ಲಿ ಮಸಾಶಿ ಯಾನಾಗಿಸಾವಾ ಅವರ ತಂಡ ಬೇರೆ ದಾರಿಯಿಂದ ಅಲ್ಲಿಗೇ ಬಂದು ನಿಂತಿತ್ತು. ಅವರು ಈ ರಾಸಾಯನಿಕವನ್ನು ಹಸಿವಿನದು ಎಂದೇ ತಿಳಿದಿದ್ದರು. ಅವರಿಟ್ಟ ‘ಓರೆಕ್ಸಿನ್’ ಎಂಬ ಹೆಸರಿನ ಮೂಲವೂ ಹಸಿವೆಯ ಗ್ರೀಕ್ ಪದವೇ. ಅದನ್ನು ತಯಾರಿಸುವ ಜೀನ್ ಇಲ್ಲದ ಇಲಿಗಳನ್ನು ಹುಟ್ಟಿಸಿ, ರಾತ್ರಿ ಅವಗೆಂಪು ಕ್ಯಾಮೆರಾ ಇಟ್ಟು ನೋಡಿದರೆ, ಓಡಾಡುತ್ತಿದ್ದ ಇಲಿಗಳು ಇದ್ದಕ್ಕಿದ್ದಂತೆ ಬೀಳುತ್ತಿದ್ದವು! ನಾಯಿಗಳಲ್ಲಿ ಕೂಗು ಇತ್ತು, ಕಿವಿ ಇರಲಿಲ್ಲ. ಇಲಿಗಳಲ್ಲಿ ಕಿವಿಯಿತ್ತು, ಕೂಗೇ ಇರಲಿಲ್ಲ.

ಮನುಷ್ಯರ ಕಥೆ ಇನ್ನೂ ಬೇರೆ. ಜೀನ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಕೂಗುವ ಕೋಶಗಳೇ ಸತ್ತಿರುತ್ತವೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಅವನ್ನು ಕೊಲ್ಲುತ್ತದೆ ಎಂಬ ಗುಮಾನಿ ಬಲವಾಗಿದೆ. ಕೋಟಿ ಕೋಟಿ ನರಕೋಶಗಳ ಮಿದುಳಿನಲ್ಲಿ ಇವು ಇರುವುದೇ ಕೆಲವು ಹತ್ತು ಸಾವಿರ. ನಮ್ಮ ಇಡೀ ಹಗಲು ಅಷ್ಟೇ ಕೋಶಗಳನ್ನು ಇಷ್ಟೊಂದು ನೆಚ್ಚಿಕೊಂಡಿದೆ ಎಂಬುದು ನನಗಿನ್ನೂ ಬೆರಗು.

2014ರಲ್ಲಿ ಅಮೆರಿಕದಲ್ಲಿ ಸುವೊರೆಕ್ಸಾಂಟ್ ಎಂಬ ನಿದ್ದೆಗುಳಿಗೆಗೆ ಒಪ್ಪಿಗೆ ಸಿಕ್ಕಿತು. ಆ ಡಾಬರ್‌ಮನ್‌ಗಳಲ್ಲಿ ಹುಟ್ಟಿನಿಂದಲೇ ಕೇಳಿಸದಿದ್ದ ಅದೇ ಕಿವಿಗೆ, ನಿದ್ದೆ ಬಾರದ ಮನುಷ್ಯರಲ್ಲಿ, ಅದು ಒಂದು ರಾತ್ರಿಯ ಮಟ್ಟಿಗೆ ಹತ್ತಿ ಇಡುತ್ತದೆ.